ಚುಕ್ಕೆಗೆರೆ ನಿಂತಲ್ಲಿಂದ ಮುಂದೆ: ಸರೋವರ ಚಾರಣದ ಯೋಜನೆಗೆ ಓಸ್ಮ್ಯಾಂಡ್ ಎಷ್ಟರಮಟ್ಟಿಗೆ ಆಗುತ್ತದೆ?

ದೂರದ ಬೆಟ್ಟಸಾಲಿನ ಯಾವುದಾದರೂ ಸರೋವರವನ್ನು ಓಸ್ಮ್ಯಾಂಡ್ ಎಂಬ ನಕ್ಷೆ ಆ್ಯಪ್‌ನಲ್ಲಿ ತೆರೆದು ನೋಡಿ. ಒಂದು ನೀಲಿ ಮಚ್ಚೆ, ಅದರ ಸುತ್ತ ಒತ್ತೊತ್ತಾಗಿ ಎತ್ತರದ ಗೆರೆಗಳು, ಕೆಳಗಿನ ಕಣಿವೆಯಿಂದ ಹತ್ತಿಬರುವ ಒಂದು ಸಣ್ಣ ಚುಕ್ಕೆಗೆರೆ. ಎಷ್ಟೋ ಸಲ ನೀರು ಇನ್ನೂ ಒಂದೆರಡು ಕಿಲೋಮೀಟರ್ ಇರುವಾಗಲೇ ಆ ಚುಕ್ಕೆಗೆರೆ ನಿಂತುಬಿಟ್ಟಿರುತ್ತದೆ. ಇನ್ನು ಕೆಲವು ಸಲ ಅಡ್ಡಿ ಆತಂಕವೇ ಇಲ್ಲದಂತೆ ನೀರಿನ ಅಂಚಿನವರೆಗೂ ಹೋಗಿರುತ್ತದೆ. ಎರಡನೆಯದೇ ಹೆಚ್ಚು ಅಪಾಯದ್ದು. ನಿಂತ ಗೆರೆ ಕನಿಷ್ಠ ಪಕ್ಷ ನಿಜ ಹೇಳುತ್ತದೆ. ಪೂರ್ತಿ ಹೋದ ಗೆರೆಯನ್ನು ಯಾರು, ಯಾವಾಗ, ಏನನ್ನು ನೋಡಿ ಎಳೆದರು ಎಂದು ವಿಚಾರಿಸದೆ ಬೆನ್ನಿಗೆ ಚೀಲ ಏರಿಸಬಾರದು.

ಇಂಥ ಚಾರಣದ ಯೋಜನೆಗೆ ಓಸ್ಮ್ಯಾಂಡ್ ಒಳ್ಳೆಯದು ಎಂದು ನಾವು ಹೇಳುವುದು ಮುಖ್ಯವಾಗಿ ಈ ಕಾರಣಕ್ಕೇ. ಗೆರೆಯ ಹಿಂದಿನ ಮಾಹಿತಿ ಏನಿದೆ ಎಂದು ಕೆದಕಿ ನೋಡಲು ಅದು ಅವಕಾಶ ಕೊಡುತ್ತದೆ. ನೋಡಲು ಇದಕ್ಕಿಂತ ಅಂದವಾದ, ಬಳಸಲು ಸಲೀಸಾದ ನಕ್ಷೆ ಆ್ಯಪ್‌ಗಳು ಬೇಕಾದಷ್ಟಿವೆ. ಅವು ರಸ್ತೆ ಮುಗಿಯುವವರೆಗೆ ಚೆನ್ನಾಗಿ ಕೆಲಸಕ್ಕೆ ಬರುತ್ತವೆ.

ಆ್ಯಪ್‌ನ ನಕ್ಷೆಯೆಲ್ಲ ಓಪನ್‌ಸ್ಟ್ರೀಟ್‌ಮ್ಯಾಪ್‌ನದು. 2004ರಲ್ಲಿ ಶುರುವಾದ ಆ ಯೋಜನೆಯಲ್ಲಿ ಯಾರು ಬೇಕಾದರೂ ನಕ್ಷೆಗೆ ಸೇರಿಸಬಹುದು, ತಿದ್ದಬಹುದು. ಓಸ್ಮ್ಯಾಂಡ್ ಆ ಮಾಹಿತಿಯನ್ನು ಪ್ರದೇಶವಾರು ಕಡತಗಳಾಗಿ ಕಟ್ಟಿ ಫೋನಿಗೆ ಇಳಿಸಿಕೊಡುತ್ತದೆ. ಆಮೇಲೆ ನಕ್ಷೆ ತೆರೆಯಲು, ಹುಡುಕಲು, ದಾರಿ ಲೆಕ್ಕ ಹಾಕಲು ನೆಟ್‌ವರ್ಕ್ ಬೇಕಿಲ್ಲ. ಉಚಿತ ಆವೃತ್ತಿಯಲ್ಲಿ ಇಳಿಸಿಕೊಳ್ಳಬಹುದಾದ ನಕ್ಷೆಗಳ ಸಂಖ್ಯೆಗೆ ಮಿತಿ ಇದೆ, ಕಾಂಟೂರ್ ಗೆರೆಗಳು, ಅಂದರೆ ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳು, ಹಣ ಕೊಟ್ಟವರಿಗೆ. ಆಂಡ್ರಾಯ್ಡ್ ಬಳಸುವವರಿಗೆ ಎಫ್-ಡ್ರಾಯ್ಡ್ ಎಂಬ ಮುಕ್ತ ಆ್ಯಪ್ ಭಂಡಾರದಲ್ಲಿ ಸಿಗುವ ಆವೃತ್ತಿಗೆ ಆ ಮಿತಿ ಇಲ್ಲ. ಕಾಂಟೂರ್ ಇಲ್ಲದ ಓಸ್ಮ್ಯಾಂಡ್ ಬೆಟ್ಟದಲ್ಲಿ ಅರ್ಧ ಆ್ಯಪ್ ಮಾತ್ರ. ಹಾಗಾಗಿ ಉಚಿತದ್ದನ್ನಷ್ಟೇ ನೋಡಿ ಇದನ್ನು ಅಳೆಯಬೇಡಿ.

ಮೊದಲು ಮಾಡಬೇಕಾದ್ದು

ಒಂದು ಪ್ರದೇಶಕ್ಕೆ ಮೂರು ಬಗೆಯ ಕಡತ ಬೇಕು: ಸಾಮಾನ್ಯ ನಕ್ಷೆ, ಕಾಂಟೂರ್ ಗೆರೆ, ಬೆಟ್ಟದ ನೆರಳು ಮತ್ತು ಇಳಿಜಾರು ತೋರಿಸುವ ಭೂಮೇಲ್ಮೈ ಕಡತ. ಸರೋವರ ಎರಡು ಆಡಳಿತ ಪ್ರದೇಶಗಳ ಗಡಿಯ ಹತ್ತಿರ ಇದ್ದರೆ ಎರಡೂ ಕಡೆಯ ಮೂರೂ ಕಡತ ಇಳಿಸಿಕೊಳ್ಳಿ. ಎತ್ತರದ ಬೆಟ್ಟಸಾಲಿನ ನೆತ್ತಿಯೇ ಅನೇಕ ಕಡೆ ಗಡಿ. ಪಾಸ್ (ಬೆಟ್ಟಸಾಲು ದಾಟುವ ತಗ್ಗು ಜಾಗ) ದಾಟುತ್ತಿದ್ದಂತೆ ನಕ್ಷೆ ಮಸುಕಾಗಿ, ಹಾದಿಗಳೆಲ್ಲ ಮಾಯವಾದವು ಎಂದರೆ ಕಾರಣ ಬಹುಪಾಲು ಇದೇ.

ಇಲ್ಲಿ ಹೊಸಬರು ಎಡವುವ ಜಾಗ ಒಂದಿದೆ. ಓಸ್ಮ್ಯಾಂಡ್‌ನಲ್ಲಿ ಕಾರು, ಸೈಕಲ್, ಕಾಲ್ನಡಿಗೆಗೆ ಬೇರೆ ಬೇರೆ ಪ್ರೊಫೈಲ್‌ಗಳು. ಪದರಗಳ ಹೊಂದಾಣಿಕೆ ಆಯಾ ಪ್ರೊಫೈಲ್‌ಗೆ ಮಾತ್ರ ಉಳಿಯುತ್ತದೆ. ಒಂದರಲ್ಲಿ ಕಾಂಟೂರ್ ಹಾಕಿಟ್ಟು ಕಾಲ್ನಡಿಗೆಗೆ ಬದಲಾಯಿಸಿದರೆ ಗೆರೆಗಳೇ ಇರುವುದಿಲ್ಲ, ಕಡತ ಹಾಳಾಯಿತೇನೋ ಎನಿಸುತ್ತದೆ. ಆದ್ದರಿಂದ ಮೊದಲು ಕಾಲ್ನಡಿಗೆ ಪ್ರೊಫೈಲ್‌ಗೆ ಹೋಗಿ, ಕಾಂಟೂರ್, ಇಳಿಜಾರು, ಚಾರಣ ಹಾದಿಗಳ ಕಷ್ಟದ ದರ್ಜೆ ಇವನ್ನೆಲ್ಲ ಅಲ್ಲೇ ಆನ್ ಮಾಡಿಕೊಳ್ಳಬೇಕು.

ಸರೋವರವನ್ನು ಹೆಸರಿನಿಂದ ಹುಡುಕಿದರೆ ಸಿಗದೇ ಹೋಗಬಹುದು. ಒಂದೇ ಸರೋವರಕ್ಕೆ ಊರಿಗೊಂದು ಹೆಸರು, ಕಾಗುಣಿತವಂತೂ ಬರೆದವರ ಇಷ್ಟ. ಅಕ್ಷಾಂಶ ರೇಖಾಂಶದಿಂದ ಹುಡುಕುವುದೇ ಸರಿ, ಆದರೆ ಬರೆಯುವ ಕ್ರಮ ನೋಡಿಕೊಳ್ಳಿ. 30.25 ಡಿಗ್ರಿ ಎಂದರೆ 30 ಡಿಗ್ರಿ 15 ನಿಮಿಷ. ಅದನ್ನು 30 ಡಿಗ್ರಿ 25 ನಿಮಿಷ ಎಂದು ಓದಿಕೊಂಡರೆ ಅಕ್ಷಾಂಶದಲ್ಲಿ 10 ನಿಮಿಷ, ಅಂದರೆ ಸುಮಾರು 18.5 ಕಿಲೋಮೀಟರ್ ವ್ಯತ್ಯಾಸ. ಅಷ್ಟರಲ್ಲಿ ಕಣಿವೆಯೇ ಬೇರೆಯಾಗಿರುತ್ತದೆ, ಅಲ್ಲೂ ಒಂದು ಸರೋವರ ಇದ್ದರಂತೂ ತಪ್ಪು ಗೊತ್ತಾಗುವುದೇ ಇಲ್ಲ. ದಶಾಂಶದ ನಂತರ ನಾಲ್ಕು ಅಂಕಿ ಬರೆದುಕೊಂಡರೆ ಸುಮಾರು 11 ಮೀಟರ್ ನಿಖರತೆ, ಚಾರಣಕ್ಕೆ ಅಷ್ಟು ಸಾಕು.

ಗೆರೆಯನ್ನು ಓದುವುದು

ಹಾದಿಗಳಿಗೆ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಎರಡು ಮುಖ್ಯ ಗುರುತುಗಳಿವೆ. ಒಂದು ಕಷ್ಟದ ದರ್ಜೆ, ಸ್ವಿಸ್ ಆಲ್ಪೈನ್ ಕ್ಲಬ್‌ನ ಟಿ1ರಿಂದ ಟಿ6ರವರೆಗಿನ ಅಳತೆ. ಟಿ1 ಎಂದರೆ ಸವೆದ, ಸ್ಪಷ್ಟವಾದ ಹಾದಿ. ಟಿ3ರಲ್ಲಿ ಜಾರಿದರೆ ಬೀಳುವಂಥ ಜಾಗಗಳು ಬರುತ್ತವೆ, ಸಮತೋಲನಕ್ಕೆ ಕೈ ಬೇಕಾಗಬಹುದು. ಟಿ4ರಲ್ಲಿ ಹಾದಿ ಕೆಲವೆಡೆ ಇರುವುದೇ ಇಲ್ಲ, ಮುಂದೆ ಹೋಗಲು ಕೈ ಊರಲೇಬೇಕು. ಟಿ5, ಟಿ6 ಬಂಡೆ ಹತ್ತುವವರ ಪ್ರಾಂತ. ಭಾರದ ಚೀಲ ಹೊತ್ತು ನಡೆಯುವವರು ಟಿ3ನ್ನೇ ಗಡಿ ಎಂದುಕೊಳ್ಳುವುದು ಕ್ಷೇಮ. ಎರಡನೆಯ ಗುರುತು ಹಾದಿ ಕಣ್ಣಿಗೆ ಎಷ್ಟು ಕಾಣುತ್ತದೆ ಎನ್ನುವುದು. ಅತ್ಯುತ್ತಮದಿಂದ ಹಿಡಿದು ಹಾದಿಯೇ ಇಲ್ಲ ಎನ್ನುವವರೆಗೆ ಅದರಲ್ಲೂ ಆರು ಮೆಟ್ಟಿಲು. ಇದನ್ನು ಬಹಳ ಜನ ನೋಡುವುದೇ ಇಲ್ಲ. ಮಂಜು ಕವಿದಾಗ ಟಿ2 ದರ್ಜೆಯ ಸುಲಭ ಹುಲ್ಲುಗಾವಲೂ ಹಾದಿ ಕಾಣದಿದ್ದರೆ ದಿಕ್ಕು ತಪ್ಪಿಸುತ್ತದೆ.

ದೂರದ ಕಣಿವೆಗಳಲ್ಲಿ ಈ ಎರಡೂ ಗುರುತು ಇಲ್ಲದ ಗೆರೆಗಳೇ ಹೆಚ್ಚು. ದರ್ಜೆ ಇಲ್ಲ ಎಂದರೆ ಸುಲಭ ಎಂದಲ್ಲ, ಯಾರೂ ಬರೆದಿಲ್ಲ ಎಂದಷ್ಟೇ. ಆಗ ಓಪನ್‌ಸ್ಟ್ರೀಟ್‌ಮ್ಯಾಪ್ ಜಾಲತಾಣದಲ್ಲಿ ಅದೇ ಗೆರೆಯ ಮೇಲೆ ಒತ್ತಿ ಅದರ ಇತಿಹಾಸ ತೆಗೆಯಬೇಕು. ಯಾವ ವರ್ಷ ಸೇರಿಸಿದ್ದು, ಎಷ್ಟು ಸಲ ತಿದ್ದಿದ್ದು, ಮಾಹಿತಿಯ ಮೂಲ ಜಿಪಿಎಸ್ಸೋ ಉಪಗ್ರಹ ಚಿತ್ರವೋ ಎನ್ನುವುದನ್ನು ತಿದ್ದಿದವರು ಬರೆದಿಟ್ಟಿದ್ದರೆ ಅಲ್ಲಿ ಸಿಗುತ್ತದೆ. ಚಿತ್ರ ನೋಡಿ ಎಳೆದ ಗೆರೆಯಲ್ಲಿ ಕುರಿ ಮೇಕೆ ಓಡಾಡಿದ ಜಾಡೂ ಹಾದಿಯಾಗಿಬಿಡುತ್ತದೆ. ಅಂಥ ಜಾಡು ಹುಲ್ಲು ಇರುವವರೆಗೆ ಹೋಗಿ ಕಲ್ಲುರಾಶಿ ಶುರುವಾದಲ್ಲಿ ಕರಗುತ್ತದೆ. ಐದು ನಿಮಿಷದ ಈ ಕೆಲಸವನ್ನು ಪ್ರತಿ ಗೆರೆಗೂ ಮಾಡಿ, ವಿಶೇಷವಾಗಿ ಸೇತುವೆಗಳಿಗೆ. ಬೇಸಿಗೆಗೆ ಹಾಕಿ ಪ್ರವಾಹದಲ್ಲಿ ಕೊಚ್ಚಿಹೋಗುವ ಮರದ ದಿಮ್ಮಿಯ ಕಾಲುಸಂಕವೂ ನಕ್ಷೆಯಲ್ಲಿ ಕಾಂಕ್ರೀಟ್ ಸೇತುವೆಯಷ್ಟೇ ಗಟ್ಟಿಯಾಗಿ ಕಾಣುತ್ತದೆ.

ಬೇರೆಯವರ ಜಿಪಿಎಕ್ಸ್ ಟ್ರ್ಯಾಕ್, ಅಂದರೆ ದಾರಿಯನ್ನು ಬಿಂದುಗಳಾಗಿ ಉಳಿಸಿದ ಕಡತ, ಸಿಕ್ಕಿದರೆ ಅದನ್ನೂ ಓಸ್ಮ್ಯಾಂಡ್‌ನಲ್ಲಿ ತೆರೆದು ನೋಡಿ. ಅದರಲ್ಲಿ ಸಮಯ, ವೇಗದ ವಿವರ ಇದೆಯೇ? ಇದ್ದರೆ ಬಹುಮಟ್ಟಿಗೆ ಯಾರೋ ನಡೆದು ದಾಖಲಿಸಿದ್ದು. ಇಲ್ಲದಿದ್ದರೆ ಮನೆಯಲ್ಲಿ ಕೂತು ಬೆರಳಿನಿಂದ ಎಳೆದದ್ದೂ ಆಗಿರಬಹುದು. ದಿನಾಂಕ ನೋಡಿ. ಟ್ರ್ಯಾಕ್ ನೀಲಿ ಮಚ್ಚೆಯ ನಟ್ಟನಡುವೆ ಹಾದುಹೋಗಿದ್ದರೆ ಅವರು ನಡೆದದ್ದು ಬಹುಶಃ ಹೆಪ್ಪುಗಟ್ಟಿದ ಸರೋವರದ ಮೇಲೆ. ಅವರು ಹಿಮದ ಮೇಲೆ ಸಲೀಸಾಗಿ ದಾಟಿದ ಕೊರಕಲು ಬೇಸಿಗೆಯಲ್ಲಿ ಬರೀ ಜಾರುಗಲ್ಲಿನ ಇಳಿಜಾರಾಗಿರುತ್ತದೆ.

ಕಾಂಟೂರ್ ಏನು ಹೇಳುತ್ತದೆ, ಏನು ಮುಚ್ಚಿಡುತ್ತದೆ

ಈ ಭಾಗದಲ್ಲಿ ಆ್ಯಪ್‌ನ ಶಕ್ತಿಯೂ ದೌರ್ಬಲ್ಯವೂ ಒಟ್ಟಿಗೆ ಇವೆ. ಕಾಂಟೂರ್ ಗೆರೆಗಳ ಬಹುಪಾಲು ಮೂಲ ಎಸ್‌ಆರ್‌ಟಿಎಂ, ಅಂದರೆ 2000ದ ಫೆಬ್ರವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ 11 ದಿನಗಳ ಹಾರಾಟದಲ್ಲಿ ರೇಡಾರ್‌ನಿಂದ ಅಳೆದ ಎತ್ತರಗಳು. ನೆಲದ ಮೇಲೆ ಹೆಚ್ಚು ಕಡಿಮೆ 30 ಮೀಟರಿಗೊಂದು ಅಳತೆ. 15 ಮೀಟರ್ ಎತ್ತರದ ಬಂಡೆಗೋಡೆಯೊಂದು ಎರಡು ಅಳತೆಗಳ ನಡುವೆ ನುಣುಪಾದ ಇಳಿಜಾರಾಗಿ ಕಾಣಿಸಬಲ್ಲದು. 15 ಮೀಟರ್ ಗೋಡೆ ಎಂದರೆ ಹಗ್ಗವಿಲ್ಲದ ಚಾರಣಿಗರು ಅಲ್ಲಿಂದ ವಾಪಸು ತಿರುಗಬೇಕು. ಹೀಗಾಗಿ ಹಾದಿ ಇಲ್ಲದ ಕಡೆ ಕಾಂಟೂರ್ ನೋಡಿ 'ಇಲ್ಲಿಂದ ಹೋಗಲು ಆಗುವುದಿಲ್ಲ' ಎಂದು ಧೈರ್ಯವಾಗಿ ಹೇಳಬಹುದು, 'ಆಗುತ್ತದೆ' ಎಂದು ಹೇಳಲಾಗದು.

ಆಗುವುದಿಲ್ಲ ಎಂಬುದನ್ನು ಅಳೆಯುವ ಲೆಕ್ಕ ಸರಳ. 100 ಮೀಟರ್ ಎತ್ತರದ ಅಂತರವಿರುವ ಎರಡು ಗೆರೆಗಳು ನಕ್ಷೆಯಲ್ಲಿ 173 ಮೀಟರ್ ದೂರ ಇದ್ದರೆ ಸರಾಸರಿ ಇಳಿಜಾರು 30 ಡಿಗ್ರಿ, 100 ಮೀಟರ್ ದೂರ ಇದ್ದರೆ 45 ಡಿಗ್ರಿ. ಆ್ಯಪ್‌ನ ದೂರ ಅಳೆಯುವ ಸಾಧನದಿಂದ ಎರಡು ಬೆರಳಿಟ್ಟು ಇದನ್ನು ಅಳೆಯಬಹುದು. ಹಿಮ ಇರುವ ಕಾಲದಲ್ಲಿ ಹಿಮಕುಸಿತ ಹೆಚ್ಚಾಗಿ ಹೊರಡುವುದು 30ರಿಂದ 45 ಡಿಗ್ರಿಯ ಇಳಿಜಾರುಗಳಿಂದ, ಬಂದು ನಿಲ್ಲುವುದು ಕೆಳಗಿನ ಸಮತಟ್ಟಿನಲ್ಲಿ. ಸರೋವರದ ದಂಡೆಯ ಚೆಂದದ ಬಯಲು ಅಂಥ ಇಳಿಜಾರಿನ ಬುಡದಲ್ಲೇ ಇದ್ದರೆ ಹಿಮದ ಕಾಲದಲ್ಲಿ ಅಲ್ಲಿ ಡೇರೆ ಹಾಕುವ ಯೋಚನೆಯನ್ನು ಮನೆಯಲ್ಲೇ ಬಿಡಬೇಕು.

ಹಿಮನದಿ ಕೊರೆದ ಬೋಗುಣಿಯಲ್ಲಿ ಕೂತ ಸರೋವರಗಳ ರಚನೆ ಹೆಚ್ಚಾಗಿ ಒಂದೇ ಬಗೆ. ಮೂರು ಕಡೆ ಕಡಿದಾದ ಗೋಡೆ, ನೀರು ಹೊರಡುವ ಕಡೆ ಒಂದು ಕಟ್ಟೆ, ಕಟ್ಟೆಯ ಕೆಳಗೆ ಕಣಿವೆಗೆ ಇಳಿಯುವ ಗಡುಸು ಮೆಟ್ಟಿಲು. ಅಂಥ ಕಡೆ ಇಡೀ ದಿನದ ಅತಿ ಕಡಿದಾದ ಏರು ಕೊನೆಯ 100, 200 ಮೀಟರ್ ಎತ್ತರದಲ್ಲೇ ಬರುತ್ತದೆ, ಕಾಲು ಸೋತಿರುವ ಹೊತ್ತಿಗೆ. ಕಾಂಟೂರ್‌ನಲ್ಲಿ ಇದು ಚೆನ್ನಾಗಿ ಕಾಣುತ್ತದೆ. ನೀಲಿ ಮಚ್ಚೆಯ ಹೊರಹರಿವಿನ ಬಾಯಿಯ ಕೆಳಗೆ ಗೆರೆಗಳು ಒಂದರ ಮೇಲೊಂದು ಬಿದ್ದಂತೆ ಒತ್ತಿಕೊಂಡಿರುತ್ತವೆ. ಆ ಒತ್ತಡದಲ್ಲಿ ಎಡಕ್ಕೋ ಬಲಕ್ಕೋ ಗೆರೆಗಳು ಸ್ವಲ್ಪ ಬಿಡಿಸಿಕೊಂಡ ಜಾಗ ಇದ್ದರೆ, ಹಾದಿ ಇರುವುದಾದರೆ ಅಲ್ಲೇ ಇರಬೇಕು. ತೊರೆಯ ಪಕ್ಕದಲ್ಲೇ ನೇರ ಹತ್ತುತ್ತೇವೆ ಎಂದುಕೊಳ್ಳುವುದು ಸಾಮಾನ್ಯ ತಪ್ಪು. ಅಲ್ಲಿ ಜಲಪಾತ ಇರುವ ಸಾಧ್ಯತೆಯೇ ಹೆಚ್ಚು.

ಇನ್ನೊಂದು ಸೂಕ್ಷ್ಮ ಇದೆ. ನೀರಿನ ಮೇಲ್ಮೈ ಸಮತಟ್ಟು, ಕಾಂಟೂರ್ ಗೆರೆ ಅದನ್ನು ದಾಟಿ ಹೋಗಬಾರದು. ಆದರೆ ಹಿಮನದಿಯ ಬುಡದ ಸರೋವರಗಳಲ್ಲಿ ನೀಲಿ ಮಚ್ಚೆಯ ಮೇಲೆ ಕಾಂಟೂರ್ ಗೆರೆಗಳು ಅಡ್ಡಡ್ಡ ಹಾದಿರುವುದನ್ನು ನೋಡಬಹುದು. ಗೆರೆಗಳು ಅಂಚಿನಲ್ಲಿ ಮಾತ್ರ ಒಂದಿಷ್ಟು ಒಳಬಂದಿದ್ದರೆ ಸರೋವರದ ಅಂಚನ್ನು ಎಳೆಯಲು ಬಳಸಿದ ಉಪಗ್ರಹ ಚಿತ್ರ ಸರಿದು ಕೂತಿರಬಹುದು. ಪೂರ್ತಿ ನಡುವೆ ಹಾದಿದ್ದರೆ, 2000ದಲ್ಲಿ ಅಳೆದಾಗ ಅಲ್ಲಿ ಇಳಿಜಾರಾದ ಹಿಮಗಡ್ಡೆ ಇತ್ತು, ಆಮೇಲೆ ಅದು ಕರಗಿ ಸರೋವರ ಬೆಳೆದಿರಬಹುದು. ಅಂಥ ಕಡೆ ಸುತ್ತಲಿನ ದಂಡೆ ಹಿಮನದಿ ತಂದು ಒಟ್ಟಿದ ಸಡಿಲ ಕಲ್ಲುಮಣ್ಣಿನ ದಿಬ್ಬ. ಅದರ ಮೇಲೆ ಹಾದಿ ವರ್ಷ ವರ್ಷ ಬದಲಾಗುತ್ತದೆ, ಡೇರೆಗಂತೂ ಅದು ಜಾಗವಲ್ಲ.

ದಾರಿ ಎಳೆಯುವುದು, ಹೊತ್ತು ಲೆಕ್ಕ ಹಾಕುವುದು

ಆ್ಯಪ್‌ನ 'ಪ್ಲ್ಯಾನ್ ಎ ರೂಟ್' ಸಾಧನ ಇಡೀ ಓಸ್ಮ್ಯಾಂಡ್‌ನಲ್ಲೇ ಅತ್ಯಂತ ಉಪಯುಕ್ತ. ರಸ್ತೆ ಮುಗಿಯುವಲ್ಲಿ ಮೊದಲ ಬಿಂದು ಇಟ್ಟು, ಕಾಲ್ನಡಿಗೆ ಬಗೆ ಆರಿಸಿದರೆ ಹಾದಿ ಇರುವಷ್ಟು ದೂರ ಅದೇ ಹಾದಿ ಹಿಡಿಯುತ್ತದೆ. ಚುಕ್ಕೆಗೆರೆ ನಿಂತಲ್ಲಿ ನೇರ ಗೆರೆಯ ಬಗೆಗೆ ಬದಲಾಯಿಸಿ, ಇಳಿಜಾರು ಮತ್ತು ಉಪಗ್ರಹ ಪದರ ನೋಡುತ್ತ 50, 100 ಮೀಟರಿಗೊಂದು ಬಿಂದು ಇಡುತ್ತ ಹೋಗಬೇಕು. ಬದಲಾಯಿಸುವುದನ್ನು ಮರೆತರೆ ಆ್ಯಪ್ ಎಲ್ಲಿಂದಲೋ ಬೇರೆ ಹಾದಿ ಹುಡುಕಿ ಬೆಟ್ಟದ ಆಚೆ ಕಡೆಯಿಂದ ಸುತ್ತಿಸಿ ತಂದುಬಿಡುತ್ತದೆ. ಒಂದೇ ಏಟಿಗೆ ಕಿಲೋಮೀಟರ್ ಸಂಖ್ಯೆ ಜಿಗಿದರೆ ಇದೇ ಆಗಿದೆ ಎಂದು ತಿಳಿಯಿರಿ. ಹಾದಿ ಇರುವ ಭಾಗ, ಇಲ್ಲದ ಭಾಗ ಎರಡನ್ನೂ ಬೇರೆ ಬೇರೆ ಟ್ರ್ಯಾಕ್ ಆಗಿ ಉಳಿಸಿ, ಬಣ್ಣ ಬೇರೆ ಕೊಡಿ. ಬೆಟ್ಟದಲ್ಲಿ ನಿಂತು ಫೋನ್ ನೋಡುವಾಗ, ಇದು ಯಾರೋ ನಡೆದ ಹಾದಿಯೋ ನಾವೇ ಊಹಿಸಿದ್ದೋ ಎನ್ನುವುದು ತಟ್ಟನೆ ಗೊತ್ತಾಗಬೇಕು.

ಪರದೆಯ ಕೆಳಗೆ ಬರುವ ಎತ್ತರದ ಗ್ರಾಫನ್ನು ಹಾಗೇ ನಂಬಬೇಡಿ. 35 ಡಿಗ್ರಿ ಇಳಿಜಾರಿನ ಪಕ್ಕೆಯಲ್ಲಿ ಹೆಚ್ಚು ಕಡಿಮೆ ಸಮನಾಗಿ ಹೋಗುವ ಹಾದಿಯನ್ನು ಊಹಿಸಿಕೊಳ್ಳಿ. ನಕ್ಷೆಯಲ್ಲಿ ಗೆರೆ 30 ಮೀಟರ್ ಪಕ್ಕಕ್ಕೆ ಸರಿದಿದ್ದರೆ ಎತ್ತರದಲ್ಲಿ 21 ಮೀಟರ್ ತಪ್ಪು. ಗೆರೆ ಅಲ್ಲಲ್ಲಿ ಹೀಗೆ ಆಚೀಚೆ ಆದಾಗ ಸಮನಾದ ಹಾದಿ ಗರಗಸದ ಹಲ್ಲಿನಂತೆ ಕಾಣಿಸಿ ಒಟ್ಟು ಏರು ಉಬ್ಬುತ್ತದೆ. ಕಡಿದಾದ ಏರಿನಲ್ಲಿ ಆಗುವುದು ಇದರ ತದ್ವಿರುದ್ಧ. ಅಂಕುಡೊಂಕಾದ ಹಾದಿಯನ್ನು ನಕ್ಷೆ ಮಾಡಿದವರು ನೇರ ಎಳೆದುಬಿಟ್ಟಿದ್ದರೆ ದೂರ ಕುಗ್ಗುತ್ತದೆ. 600 ಮೀಟರ್ ಏರನ್ನು ನೂರಕ್ಕೆ 20ರಂತೆ ಏರುವ ಹಾದಿಯಲ್ಲಿ ಹತ್ತಿದರೆ 3 ಕಿಲೋಮೀಟರ್ ನಡಿಗೆ. ನಕ್ಷೆಯಲ್ಲಿ ಅದೇ ಏರು ನೂರಕ್ಕೆ 40ರ ನೇರ ಗೆರೆಯಾಗಿದ್ದರೆ 1.5 ಕಿಲೋಮೀಟರ್ ಮಾತ್ರ ತೋರಿಸುತ್ತದೆ. ಆದ್ದರಿಂದ ಒಟ್ಟು ಏರನ್ನು ಕೈಯಾರೆ ಎಣಿಸಿ: ಪ್ರತಿ ತಗ್ಗಿನಿಂದ ಮುಂದಿನ ಎತ್ತರಕ್ಕೆ ಎಷ್ಟು ಎಂದು ಕಾಂಟೂರ್ ನೋಡಿ ಕೂಡಿಸಿ.

ಹೊತ್ತಿನ ಲೆಕ್ಕಕ್ಕೆ 1892ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಕೊಟ್ಟ ಸೂತ್ರ ಇವತ್ತಿಗೂ ಸಾಕು. ಮೆಟ್ರಿಕ್‌ನಲ್ಲಿ ಹೇಳುವುದಾದರೆ 5 ಕಿಲೋಮೀಟರಿಗೆ 1 ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಹಾದಿ ಇಲ್ಲದ ಕಲ್ಲುನೆಲದಲ್ಲಿ ಗಂಟೆಗೆ 2 ಕಿಲೋಮೀಟರ್ ಎಂದೇ ಹಿಡಿಯಿರಿ. ಹಾದಿಯಲ್ಲಿ 7 ಕಿಲೋಮೀಟರ್, 800 ಮೀಟರ್ ಏರು, ಆಮೇಲೆ ಹಾದಿ ಇಲ್ಲದೆ 2 ಕಿಲೋಮೀಟರ್, 300 ಮೀಟರ್ ಏರು ಇದೆ ಎನ್ನೋಣ. ಮೊದಲ ಭಾಗಕ್ಕೆ 2 ಗಂಟೆ 44 ನಿಮಿಷ, ಎರಡನೆಯದಕ್ಕೆ ಒಂದೂವರೆ ಗಂಟೆ. ಇದು ಹಗುರ ಚೀಲದ, ವಿಶ್ರಾಂತಿ ಇಲ್ಲದ ಲೆಕ್ಕ. ಭಾರ, ಎತ್ತರ, ಕೂತೇಳುವ ಹೊತ್ತು ಸೇರಿಸಿ 1.4ರಿಂದ ಗುಣಿಸಿದರೆ ಸುಮಾರು 6 ಗಂಟೆ. ಕೊನೆಯ 2 ಕಿಲೋಮೀಟರೇ ಒಟ್ಟು ಹೊತ್ತಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚನ್ನು ತಿನ್ನುತ್ತದೆ. 'ಇನ್ನೇನು ಎರಡೇ ಕಿಲೋಮೀಟರ್' ಎಂಬ ಮಾತು ಬಹಳ ಗುಂಪುಗಳನ್ನು ಕತ್ತಲಲ್ಲಿ ಇಳಿಯುವಂತೆ ಮಾಡುವುದು ಇಲ್ಲೇ.

ತೊರೆ ದಾಟುವ ಜಾಗಗಳಿಗೂ ಗಂಟೆ ನಿಗದಿ ಮಾಡಿ. ನಕ್ಷೆಯ ತೆಳು ನೀಲಿ ಗೆರೆಯಿಂದ ನೀರು ಎಷ್ಟು ಎಂದು ಗೊತ್ತಾಗದು, ಆದರೆ ಗೆರೆಯನ್ನು ಮೇಲಕ್ಕೆ ಹಿಂಬಾಲಿಸಿದರೆ ಅದರ ಸ್ವಭಾವ ಗೊತ್ತಾಗುತ್ತದೆ. ಹಿಮನದಿಯಿಂದ ಹುಟ್ಟಿದ ತೊರೆ ಬಿಸಿಲೇರಿದಂತೆ ಉಬ್ಬಿ ಮಧ್ಯಾಹ್ನದ ಕೊನೆಗೆ, ಸಂಜೆಗೆ ಅತಿ ಹೆಚ್ಚು ಹರಿಯುತ್ತದೆ, ಬೆಳಗಿನ ಜಾವಕ್ಕೆ ಇಳಿದಿರುತ್ತದೆ. ಸರೋವರದಿಂದ ಹೊರಡುವ ತೊರೆಯಲ್ಲಿ ಈ ಏರಿಳಿತ ಕಡಿಮೆ, ಸರೋವರವೇ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಬೆಳಿಗ್ಗೆ ಮೊಣಕಾಲುದ್ದ ದಾಟಿಹೋದ ಹಿಮನದಿ ತೊರೆಯನ್ನು ಅದೇ ಸಂಜೆ ವಾಪಸು ದಾಟುವ ಯೋಜನೆ ಯೋಜನೆಯೇ ಅಲ್ಲ.

ರಾತ್ರಿ ತಂಗುವ ಎತ್ತರ ನಿರ್ಧರಿಸಲು ಆ್ಯಪ್‌ನಿಂದ ಎತ್ತರ ತೆಗೆದುಕೊಳ್ಳಬಹುದು, ನಿಯಮ ಮಾತ್ರ ಪರ್ವತ ವೈದ್ಯರದು. 3000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರ ಒಂದು ರಾತ್ರಿಯಿಂದ ಇನ್ನೊಂದಕ್ಕೆ 500 ಮೀಟರಿಗಿಂತ ಹೆಚ್ಚಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಏರದೆ ಒಂದು ದಿನ ನಿಲ್ಲಬೇಕು. ಸರೋವರ 4300 ಮೀಟರಿನಲ್ಲಿದ್ದರೆ 3000, 3500, 4000ದಲ್ಲಿ ಒಂದೊಂದು ರಾತ್ರಿ ಕಳೆದು, ನಾಲ್ಕನೆಯ ದಿನ ಸರೋವರಕ್ಕೆ ಹೋಗಿ ಮಲಗಲು 4000ಕ್ಕೇ ಇಳಿಯುವುದು ಒಳ್ಳೆಯ ಕ್ರಮ. ದಂಡೆಯಲ್ಲೇ ಡೇರೆ ಹಾಕುವುದಾದರೆ ನೀರಿನಿಂದ 60 ಮೀಟರ್ ಆಚೆ, ಸಾಧ್ಯವಾದರೆ ಸ್ವಲ್ಪ ಎತ್ತರದ ತಟ್ಟಿನಲ್ಲಿ. ರಾತ್ರಿಯ ತಂಪುಗಾಳಿ ಇಳಿದು ಬೋಗುಣಿಯ ತಳದಲ್ಲೇ ಮಡುಗಟ್ಟುತ್ತದೆ.

ಆ್ಯಪ್ ಹೇಳದೇ ಇರುವುದು

ಸರೋವರ ಈಗ ಹೇಗಿದೆ ಎಂಬುದು ಓಸ್ಮ್ಯಾಂಡ್‌ನಲ್ಲಿ ಇಲ್ಲ, ಅದರಲ್ಲಿ ಹಾಕಿಕೊಳ್ಳಬಹುದಾದ ಉಪಗ್ರಹ ಪದರದಲ್ಲೂ ಇಲ್ಲ. ಅಂಥ ಚಿತ್ರಗಳನ್ನು ಮೋಡ, ಹಿಮ ಕಡಿಮೆ ಇರುವ ದಿನ ಆರಿಸಿ ಹೊಲಿದಿರುತ್ತಾರೆ. ನೋಡಿದವರಿಗೆ ವರ್ಷವಿಡೀ ನೆಲ ಬರಿದಾಗಿ, ನೀರು ನೀಲಿಯಾಗಿ ಇರುತ್ತದೆ ಎಂಬ ಭ್ರಮೆ ಬರುತ್ತದೆ.

ಇದಕ್ಕೆ ಯುರೋಪಿನ ಉಪಗ್ರಹ ಚಿತ್ರಗಳನ್ನು ತೋರಿಸುವ ಕೋಪರ್ನಿಕಸ್ ಬ್ರೌಸರ್ ಎಂಬ ಜಾಲತಾಣ ಬಳಸಿ, ಉಚಿತ. ಸೆಂಟಿನೆಲ್-2 ಉಪಗ್ರಹಗಳು ಒಂದೇ ಜಾಗವನ್ನು ಸುಮಾರು 5 ದಿನಕ್ಕೊಮ್ಮೆ 10 ಮೀಟರ್ ಸೂಕ್ಷ್ಮತೆಯಲ್ಲಿ ಚಿತ್ರಿಸುತ್ತವೆ. ಹೊರಡಬೇಕೆಂದಿರುವ ವಾರದ ಚಿತ್ರಗಳನ್ನು ಹಿಂದಿನ ಮೂರು ನಾಲ್ಕು ವರ್ಷದ್ದು ತೆಗೆದು ಒಂದರ ಪಕ್ಕ ಒಂದಿಟ್ಟು ನೋಡಿ. ಪಾಸ್‌ನ ನೆರಳುಭಾಗದಲ್ಲಿ ಹಿಮ ಯಾವಾಗ ಕರಗುತ್ತದೆ, ಸರೋವರದ ಹೆಪ್ಪು ಯಾವ ವಾರ ಒಡೆಯುತ್ತದೆ ಎನ್ನುವುದು ನೇರ ಕಣ್ಣಿಗೇ ಸಿಗುತ್ತದೆ. ಹಿಮವೋ ಮೋಡವೋ ಗೊತ್ತಾಗದಿದ್ದರೆ ಕಿರುತರಂಗದ ಅವಗೆಂಪು (ಎಸ್‌ಡಬ್ಲ್ಯುಐಆರ್) ಬೆಳಕಿನ ಪಟ್ಟಿಗಳ ಚಿತ್ರಕ್ಕೆ ಬದಲಾಯಿಸಿ. ಆ ಬೆಳಕಿನಲ್ಲಿ ಹಿಮ ಕಪ್ಪಾಗುತ್ತದೆ, ಮೋಡ ಬೆಳ್ಳಗೇ ಉಳಿಯುತ್ತದೆ. ಬೆಟ್ಟದ ನೆರಳನ್ನು ನೀರು ಎಂದು ತಿಳಿಯುವುದು ಇಲ್ಲಿನ ಸಾಮಾನ್ಯ ಮೋಸ. 50 ಮೀಟರ್ ಅಗಲದ ಸಣ್ಣ ಹೊಂಡ ಬರೀ 5 ಚುಕ್ಕಿ ಅಗಲ ಎನ್ನುವುದನ್ನೂ ನೆನಪಿಡಿ. ಈ ಚಿತ್ರವನ್ನು ಓಸ್ಮ್ಯಾಂಡ್‌ಗೆ ಸೇರಿಸುವ ಸಲೀಸು ದಾರಿ ಇಲ್ಲದಿರುವುದು ನಮಗೆ ನಿಜಕ್ಕೂ ಬೇಸರ. ಸ್ಕ್ರೀನ್‌ಶಾಟ್ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳುವುದೇ ಸದ್ಯದ ಉಪಾಯ.

ಬೇರೆ ಕೊರತೆಗಳೂ ಇವೆ. ಮೆನುಗಳು ಒಂದರೊಳಗೊಂದು ಹುದುಗಿವೆ, ಬೇಕಾದ್ದು ಹುಡುಕಲು ಒಂದು ವಾರದ ಅಭ್ಯಾಸವಾದರೂ ಬೇಕು. ದೂರದ ದಾರಿಯ ಲೆಕ್ಕ ಫೋನಿನಲ್ಲೇ ನಡೆಯುವುದರಿಂದ ನಿಧಾನ. ಆಂಡ್ರಾಯ್ಡ್ ಮತ್ತು ಐಫೋನ್ ಆವೃತ್ತಿಗಳಲ್ಲಿ ಎಲ್ಲ ಸೌಲಭ್ಯವೂ ಒಂದೇ ಜಾಗದಲ್ಲಿಲ್ಲ, ಒಬ್ಬರಿಗೊಬ್ಬರು ಹೇಳಿಕೊಡಲು ಹೋದರೆ ಗೊಂದಲ. ಇವೆಲ್ಲ ಮನೆಯಲ್ಲಿ ಸಹಿಸಬಹುದಾದ ತೊಂದರೆಗಳು. ಬೆಟ್ಟದಲ್ಲಿ ಮೊದಲ ಸಲ ತೆರೆದವರಿಗೆ ಈ ಆ್ಯಪ್ ಖಂಡಿತ ಒಗ್ಗುವುದಿಲ್ಲ.

ಹೊರಡುವ ಹಿಂದಿನ ದಿನ ಫೋನನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ, ಆ್ಯಪ್ ಪೂರ್ತಿ ಮುಚ್ಚಿ ಮತ್ತೆ ತೆರೆಯಿರಿ. ಸರೋವರದ ಜಾಗಕ್ಕೆ ಹೋಗಿ ಹಿಗ್ಗಿಸಿ: ಕಾಂಟೂರ್ ಇದೆಯೇ, ಎರಡೂ ಟ್ರ್ಯಾಕ್ ಕಾಣುತ್ತವೆಯೇ, ಉಪಗ್ರಹ ಪದರ ಬರುತ್ತದೆಯೇ? ಕೊನೆಯದು ಕೈಕೊಡುವುದೇ ಹೆಚ್ಚು. ಆ ಚಿತ್ರಗಳನ್ನು ನೋಡಬೇಕಾದ ಹಿಗ್ಗಿಸುವಿಕೆಯ ಮಟ್ಟದಲ್ಲೇ ಮುಂಚಿತವಾಗಿ ಇಳಿಸಿರಬೇಕು. ಜಿಪಿಎಸ್‌ಗೆ ನೆಟ್‌ವರ್ಕ್ ಬೇಡ, ಆದರೆ ನೆಟ್‌ವರ್ಕ್‌ನ ನೆರವಿಲ್ಲದೆ ಮೊದಲ ಸಲ ಜಾಗ ಹಿಡಿಯಲು ಅರ್ಧ ನಿಮಿಷವೋ ಅದಕ್ಕಿಂತ ಹೆಚ್ಚೋ ಬೇಕಾಗುತ್ತದೆ, ಆಕಾಶ ಕಾಣುವಲ್ಲಿ ನಿಂತು ಕಾಯಿರಿ. ಇಕ್ಕಟ್ಟಾದ ಕಣಿವೆಯಲ್ಲಿ ಸಂಕೇತ ಬಂಡೆಗೆ ಬಡಿದು ಬರುವುದರಿಂದ ನೀಲಿ ಬಾಣ ತೊರೆಯ ಆಚೆ ದಡಕ್ಕೆ ಹಾರಿದರೂ ಗಾಬರಿ ಬೇಡ.

ಬ್ಯಾಟರಿಯ ಲೆಕ್ಕದಲ್ಲಿ ಪವರ್ ಬ್ಯಾಂಕಿನ ಮೇಲಿರುವ ಅಂಕಿ ನಂಬಿ ಕೆಟ್ಟವರು ಬಹಳ. 10000 ಎಂಎಎಚ್ ಎಂದು ಬರೆದಿರುವುದು ಒಳಗಿನ ಕೋಶದ 3.7 ವೋಲ್ಟ್ ಲೆಕ್ಕ. ಹೊರಬರುವಾಗಿನ ನಷ್ಟ ಕಳೆದರೆ 5000 ಎಂಎಎಚ್ ಫೋನನ್ನು ಎರಡು ಸಲ ತುಂಬಲು ಆಗದು, ಒಂದೂವರೆಯೂ ಕಷ್ಟ. ಚಳಿಯಲ್ಲಿ ಇನ್ನೂ ಕಡಿಮೆ. ರಾತ್ರಿ ಎರಡನ್ನೂ ಸ್ಲೀಪಿಂಗ್ ಬ್ಯಾಗಿನೊಳಗೆ ಇಟ್ಟುಕೊಳ್ಳಿ, ಸೊನ್ನೆ ಡಿಗ್ರಿಗಿಂತ ತಣ್ಣಗಾದ ಫೋನನ್ನು ಬೆಚ್ಚಗಾಗುವ ಮುಂಚೆ ಚಾರ್ಜಿಗೆ ಹಾಕಬೇಡಿ, ಲಿಥಿಯಂ ಬ್ಯಾಟರಿಗೆ ಅದು ಕಾಯಂ ಪೆಟ್ಟು. ಹೆಚ್ಚು ಕರೆಂಟು ತಿನ್ನುವುದು ಪರದೆ. ಟ್ರ್ಯಾಕ್ ದಾಖಲಿಸುವ ಅಂತರವನ್ನು 10ರಿಂದ 30 ಸೆಕೆಂಡಿಗೆ ಇಟ್ಟು ಪರದೆ ಆರಿಸಿ ನಡೆಯಿರಿ.

ಎರಡೂ ಟ್ರ್ಯಾಕ್‌ಗಳನ್ನು ಗುಂಪಿನ ಇನ್ನೊಬ್ಬರ ಫೋನಿಗೂ ಹಾಕಿ. ಹಾದಿ ಇಲ್ಲದ ಕೊನೆಯ ಭಾಗವನ್ನು ಕಾಂಟೂರ್ ಸಮೇತ ಕಾಗದದ ಮೇಲೆ ಮುದ್ರಿಸಿ ಪ್ಲಾಸ್ಟಿಕ್ ಲಕೋಟೆಗೆ ಹಾಕಿ, ದಿಕ್ಸೂಚಿ ಜೊತೆಗಿರಲಿ. ಮನೆಯಲ್ಲಿ ಉಳಿಯುವವರಿಗೆ ಜಿಪಿಎಕ್ಸ್ ಕಡತದ ಜೊತೆ ಮೂರು ಸಾಲು ಬರೆದುಕೊಡಿ: ಯಾವ ರಾತ್ರಿ ಎಲ್ಲಿ, ಎಷ್ಟು ಗಂಟೆಗೆ ಸರೋವರ ಸಿಗದಿದ್ದರೂ ವಾಪಸು ತಿರುಗುವುದು, ಯಾವ ದಿನ ಎಷ್ಟು ಗಂಟೆಯವರೆಗೆ ಸುದ್ದಿ ಬರದಿದ್ದರೆ ಯಾರಿಗೆ ತಿಳಿಸಬೇಕು.